ಕೆನಡಾ ಪಿಆರ್: ಅರ್ಜಿಯ ಕಾಗದಪತ್ರ ನಾವೇ ಹೊಂದಿಸಿಕೊಳ್ಳುವುದು ಹೇಗೆ?

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಘೋಷಿಸಿತು. ಸುದ್ದಿ ಬಂದಿದ್ದೇ ತಡ, ಅಮೆರಿಕದ ಆಸೆ ಇಟ್ಟುಕೊಂಡಿದ್ದ ಎಷ್ಟೋ ಜನ ಕೆನಡಾದ ಕಡೆ ತಿರುಗಿ ನೋಡಿದರು. ಹಾಗೆ ನೋಡಿದವರಿಗೆ ಎದುರಾಗುವ ಮೊದಲ ಪ್ರಶ್ನೆ: ಪಿಆರ್ ಅಂದರೆ ಕಾಯಂ ನಿವಾಸದ ಅರ್ಜಿ ಹಾಕಲು ಕನ್ಸಲ್ಟೆನ್ಸಿಗೆ ಲಕ್ಷಗಟ್ಟಲೆ ಕೊಡಬೇಕಾ, ಇಲ್ಲ ನಾವೇ ಮಾಡಿಕೊಳ್ಳಬಹುದಾ?

ನಾವೇ ಮಾಡಿಕೊಳ್ಳಬಹುದು. ಏಜೆಂಟ್ ಮೂಲಕವೇ ಬರಬೇಕು ಅನ್ನುವ ನಿಯಮ ಕೆನಡಾದಲ್ಲಿ ಇಲ್ಲ. ಅಲ್ಲಿನ ವಲಸೆ ಇಲಾಖೆಯ ಹೆಸರು ಐಆರ್‌ಸಿಸಿ. ಅರ್ಜಿ ಹಾಕುವುದು ಅದರ ವೆಬ್‌ಸೈಟ್‌ನಲ್ಲೇ. ಫಾರಂ ತುಂಬುವುದು ಅಷ್ಟೇನೂ ಕಷ್ಟವಲ್ಲ. ಒಂದೊಂದು ಕಾಗದವನ್ನೂ ಹೊರಡಿಸಿಕೊಂಡು, ಅವೆಲ್ಲ ಒಂದೇ ಮಾತು ಹೇಳುವ ಹಾಗೆ ಮಾಡುವುದೇ ದೊಡ್ಡ ಕೆಲಸ. ಏಜೆಂಟ್ ಇಟ್ಟುಕೊಂಡರೂ ಅದು ನಮ್ಮ ತಲೆ ಮೇಲೆಯೇ ಇರುತ್ತದೆ. ಹಳೇ ಕಂಪನಿಯ ಎಚ್‌ಆರ್‌ಗೆ ಫೋನ್ ಮಾಡುವವರು ನೀವೇ, ಯೂನಿವರ್ಸಿಟಿ ಕೌಂಟರ್ ಮುಂದೆ ನಿಲ್ಲುವವರೂ ನೀವೇ.

ಪಿಆರ್ ಯಾವುದು, ಎಕ್ಸ್‌ಪ್ರೆಸ್ ಎಂಟ್ರಿ ಯಾವುದು

ಪಿಆರ್ ಅಂದರೆ ಕಾಯಂ ನಿವಾಸಿ. ಅದು ಪೌರತ್ವ ಅಲ್ಲ. ಭಾರತದ ಪಾಸ್‌ಪೋರ್ಟ್ ಹಾಗೇ ಇರುತ್ತದೆ. ಕೆನಡಾದಲ್ಲಿ ಎಲ್ಲಿ ಬೇಕಾದರೂ ಇದ್ದು, ಯಾರ ಹತ್ತಿರ ಬೇಕಾದರೂ ಕೆಲಸ ಮಾಡಬಹುದು. ಪಿಆರ್ ಉಳಿಸಿಕೊಳ್ಳಲು ಪ್ರತಿ ಐದು ವರ್ಷದಲ್ಲಿ ಕನಿಷ್ಠ 730 ದಿನ ಅಲ್ಲಿ ಇರಬೇಕು.

ಎಕ್ಸ್‌ಪ್ರೆಸ್ ಎಂಟ್ರಿ ಅನ್ನುವುದು ವೀಸಾದ ಹೆಸರಲ್ಲ. ಅರ್ಜಿದಾರರನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸುವ ವ್ಯವಸ್ಥೆ. 2015ರ ಜನವರಿಯಲ್ಲಿ ಶುರುವಾಯಿತು. ಕ್ವಿಬೆಕ್ ಪ್ರಾಂತ್ಯ ಮಾತ್ರ ತನ್ನ ಜನರನ್ನು ಬೇರೆಯಾಗಿ ಆರಿಸಿಕೊಳ್ಳುತ್ತದೆ. ಕೆನಡಾದಲ್ಲಿ ಹಿಂದೆ ಕೆಲಸ ಮಾಡದೆ ಇಲ್ಲಿಂದಲೇ ಹೊರಡುವ ವೃತ್ತಿಪರರು ಸಾಮಾನ್ಯವಾಗಿ ಫೆಡರಲ್ ಸ್ಕಿಲ್ಡ್ ವರ್ಕರ್ ಅನ್ನುವ ಬಾಗಿಲಿನಿಂದ ಇದರೊಳಗೆ ಹೋಗುತ್ತಾರೆ. ಆ ಬಾಗಿಲಿಗೆ ಕೆಲವು ಕನಿಷ್ಠ ಷರತ್ತುಗಳಿವೆ. ಕಳೆದ ಹತ್ತು ವರ್ಷದಲ್ಲಿ ಒಂದೇ ಬಗೆಯ ಕೆಲಸದಲ್ಲಿ ಸತತ ಒಂದು ವರ್ಷದ ಸಂಬಳದ ಅನುಭವ, ಇಂಗ್ಲಿಷ್ ಇಲ್ಲವೇ ಫ್ರೆಂಚ್ ಪರೀಕ್ಷೆ, ಓದಿದ್ದಕ್ಕೆ ಪುರಾವೆ, ಕೈಯಲ್ಲಿ ಒಂದಿಷ್ಟು ದುಡ್ಡು. ಜೊತೆಗೆ 100 ಅಂಕದ ಒಂದು ಪಟ್ಟಿಯಲ್ಲಿ ಕನಿಷ್ಠ 67 ಬರಬೇಕು.

ಇದು ಬರೀ ಅರ್ಹತೆ. ಪೈಪೋಟಿ ನಡೆಯುವುದು ಸಿಆರ್‌ಎಸ್ ಅನ್ನುವ ಇನ್ನೊಂದು ಅಂಕದಲ್ಲಿ. ಅದು 1,200ಕ್ಕೆ. ಇದರಲ್ಲಿ 600 ಅಂಕ ಯಾವುದಾದರೂ ಪ್ರಾಂತ್ಯ ನಿಮ್ಮನ್ನು ನಾಮನಿರ್ದೇಶನ ಮಾಡಿದರೆ ಒಂದೇ ಏಟಿಗೆ ಸಿಗುತ್ತದೆ. ಉಳಿದದ್ದು ವಯಸ್ಸು, ಓದು, ಭಾಷೆ, ಅನುಭವದ್ದು. ಒಂಟಿಯಾಗಿ ಅರ್ಜಿ ಹಾಕುವವರಿಗೆ 20ರಿಂದ 29ರ ವಯಸ್ಸಿಗೆ 110 ಅಂಕ. ಮೂವತ್ತಕ್ಕೆ ಕಾಲಿಟ್ಟ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಕಳೆಯುತ್ತಾ ಹೋಗಿ 45ಕ್ಕೆ ಸೊನ್ನೆ. ಕೆನಡಾದ ಕಂಪನಿ ಕೆಲಸ ಕೊಟ್ಟರೆ ಮೊದಲು ಸಿಗುತ್ತಿದ್ದ ಅಂಕವನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿದ್ದಾರೆ. ‘ಆಫರ್ ಲೆಟರ್ ಕೊಡಿಸಿ ಅಂಕ ಏರಿಸುತ್ತೇವೆ’ ಅಂತ ಈಗಲೂ ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲೇ ಬಿಡಿ.

ಸಿಇಟಿ ಕೌನ್ಸೆಲಿಂಗ್ ನೋಡಿದವರಿಗೆ ಉಳಿದದ್ದು ಬೇಗ ಅರ್ಥವಾಗುತ್ತದೆ. ಪ್ರತಿ ಸುತ್ತಿಗೂ ಒಂದು ಕಟ್‌ಆಫ್, ಅದನ್ನು ಮುಟ್ಟಿದವರಿಗೆ ‘ಪಿಆರ್‌ಗೆ ಅರ್ಜಿ ಹಾಕಿ’ ಅಂತ ಕರೆ. 2023ರಿಂದ ಫ್ರೆಂಚ್ ಬಲ್ಲವರು, ಆರೋಗ್ಯ ಕ್ಷೇತ್ರದವರು ಅಂತ ಬೇರೆ ಬೇರೆ ಸುತ್ತುಗಳೂ ನಡೆಯುತ್ತಿವೆ. ಆದರೆ ಸಿಇಟಿಯಲ್ಲಿ ದಾಖಲೆ ಪರಿಶೀಲನೆ ಮೊದಲು, ಸೀಟು ಆಮೇಲೆ. ಇಲ್ಲಿ ಉಲ್ಟಾ. ಮೊದಲು ವೆಬ್‌ಸೈಟ್‌ನಲ್ಲಿ ನಿಮ್ಮ ವಿವರ ತುಂಬಿದ ಪ್ರೊಫೈಲ್ ಹಾಕುವಾಗ ಭಾಷಾ ಪರೀಕ್ಷೆ ಮತ್ತು ಪದವಿ ಮೌಲ್ಯಮಾಪನದ ನಂಬರ್ ಕೊಟ್ಟರೆ ಸಾಕು, ಉಳಿದದ್ದು ನೀವು ಹೇಳಿದ್ದೇ ಲೆಕ್ಕ. ಕರೆ ಬಂದ ಮೇಲೆ 60 ದಿನ ಕೊಡುತ್ತಾರೆ. ಅಷ್ಟರೊಳಗೆ ಹೇಳಿದ್ದಕ್ಕೆಲ್ಲ ಪುರಾವೆ ಇಡಬೇಕು.

ಅರವತ್ತು ದಿನ ಕೇಳುವುದಕ್ಕೆ ಜಾಸ್ತಿ ಅನಿಸುತ್ತದೆ. ಹಳೇ ಕಂಪನಿಯ ಪತ್ರ, ಬ್ಯಾಂಕಿನ ಪತ್ರ, ಪೊಲೀಸ್ ಪತ್ರ ಎಲ್ಲವನ್ನೂ ಕರೆ ಬಂದ ಮೇಲೇ ಶುರು ಮಾಡಿದರೆ ಸಾಲುವುದಿಲ್ಲ. ಹಾಗಾಗಿ ಪ್ರೊಫೈಲ್ ಹಾಕುವ ಮೊದಲೇ ಕಾಗದ ಕೂಡಿಸುವುದು ಒಳ್ಳೆಯದು.

ಮೊದಲು ಹೆಸರು ನೋಡಿಕೊಳ್ಳಿ

ನಮ್ಮ ಕಡೆಯವರ ಅರ್ಜಿಯಲ್ಲಿ ಮೊದಲು ತೊಡಕಾಗುವುದು ಇದೇ. ಒಂದು ಉದಾಹರಣೆ ನೋಡಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್.ಆರ್.’. ಪದವಿ ಪತ್ರದಲ್ಲಿ ಕೊನೆಯ ‘ಎ’ ಅಕ್ಷರ ಬಿಟ್ಟುಹೋಗಿ ‘ಮಂಜುನಾಥ್’. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ‘ಮಂಜುನಾಥ ಹಳೇಹಳ್ಳಿ ರಾಮೇಗೌಡ’. ಪ್ಯಾನ್ ಕಾರ್ಡ್‌ನಲ್ಲಿ ‘ಮಂಜುನಾಥ ರಾಮೇಗೌಡ’. ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗುವುದು ನಮಗೆ ಮಾಮೂಲಿ. ಕೆನಡಾದ ಅಧಿಕಾರಿಗೆ ಇವರು ಮೂರ್ನಾಲ್ಕು ಜನರಂತೆ ಕಾಣಬಹುದು.

ಪಾಸ್‌ಪೋರ್ಟ್‌ನಲ್ಲಿ ಇರುವುದೇ ನಿಮ್ಮ ಹೆಸರು ಅಂತ ಇಟ್ಟುಕೊಳ್ಳಿ. ಪ್ರೊಫೈಲ್, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ, ಪದವಿ ಮೌಲ್ಯಮಾಪನ ಎಲ್ಲದರಲ್ಲೂ ಅಕ್ಷರ ಬಿಡದೆ ಅದನ್ನೇ ಬರೆಯಿರಿ. ಬೇರೆ ಕಾಗದಗಳಲ್ಲಿ ವ್ಯತ್ಯಾಸ ಇದ್ದರೆ ‘ಈ ಹೆಸರುಗಳೆಲ್ಲ ನನ್ನವೇ’ ಅಂತ ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ. ಹೆಸರು ಬೇರೆ ಬೇರೆ ಯಾಕಾಯಿತು ಅಂತ ಎರಡು ಸಾಲು ವಿವರಣೆ ಸೇರಿಸಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವವರು ಕೆನಡಾದ ಫಾರಂನಲ್ಲಿ ತಮ್ಮ ಪೂರ್ತಿ ಹೆಸರನ್ನು ಸರ್‌ನೇಮ್ ಜಾಗದಲ್ಲಿ ಬರೆದು ಇನ್ನೊಂದನ್ನು ಖಾಲಿ ಬಿಡಬೇಕು.

ಪದವಿ ಮತ್ತು ಇಂಗ್ಲಿಷ್

ನಮ್ಮ ಬಿಇ ಅಥವಾ ಎಂಕಾಂ ಕೆನಡಾದ ಯಾವ ಪದವಿಗೆ ಸಮ ಅಂತ ಹೇಳುವ ವರದಿಗೆ ಇಸಿಎ ಅನ್ನುತ್ತಾರೆ. ಇದನ್ನು ಕೊಡುವ ಸಂಸ್ಥೆಗಳನ್ನು ಐಆರ್‌ಸಿಸಿಯೇ ಗೊತ್ತು ಮಾಡಿದೆ. ನಮ್ಮಲ್ಲಿ ಹೆಚ್ಚು ಜನ ಹೋಗುವುದು ವೆಸ್ ಅನ್ನುವ ಸಂಸ್ಥೆಗೆ. ಡಾಕ್ಟರ್‌ಗಳಿಗೆ, ಫಾರ್ಮಸಿಸ್ಟ್‌ಗಳಿಗೆ ಬೇರೆ ಸಂಸ್ಥೆಗಳಿವೆ. ವರದಿ ಐದು ವರ್ಷ ನಡೆಯುತ್ತದೆ.

ಇಲ್ಲಿ ಗಮನಿಸಬೇಕಾದ್ದು, ಅಂಕಪಟ್ಟಿಗಳು ನಿಮ್ಮ ಕೈಯಿಂದ ಹೋದರೆ ನಡೆಯುವುದಿಲ್ಲ. ಯೂನಿವರ್ಸಿಟಿಯೇ ದೃಢೀಕರಿಸಿ ನೇರವಾಗಿ ಕಳಿಸಬೇಕು. ಲಕೋಟೆಯಲ್ಲಿ ಹೋಗುವುದಾದರೆ ಅದು ಸೀಲ್ ಆಗಿರಬೇಕು, ನಿಮ್ಮ ರೆಫರೆನ್ಸ್ ನಂಬರ್ ಅದರ ಮೇಲೆ ಕಾಣಬೇಕು. ವಿಟಿಯುನಲ್ಲಿ ಓದಿದವರು ಬೆಳಗಾವಿ ಕಚೇರಿಯಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸಬೇಕು. ಸ್ವಾಯತ್ತ ಕಾಲೇಜಾದರೆ ಅಂಕಪಟ್ಟಿ ಕಾಲೇಜಿನದು, ಪದವಿ ಪತ್ರ ಯೂನಿವರ್ಸಿಟಿಯದು, ಹಾಗಾಗಿ ಎರಡೂ ಕಡೆ ಓಡಾಟ ಬೀಳಬಹುದು. ಘಟಿಕೋತ್ಸವದ ಪದವಿ ಪತ್ರ ತೆಗೆದುಕೊಳ್ಳದೆ ಪ್ರೊವಿಷನಲ್ ಸರ್ಟಿಫಿಕೇಟ್‌ನಲ್ಲೇ ವರ್ಷಗಟ್ಟಲೆ ಕಳೆದವರು ಮೊದಲು ಅದನ್ನು ಬಿಡಿಸಿಕೊಳ್ಳಲಿ.

ಇಂಗ್ಲಿಷ್‌ಗೆ ಐಇಎಲ್‌ಟಿಎಸ್ ಜನರಲ್ ಟ್ರೈನಿಂಗ್, ಸೆಲ್‌ಪಿಪ್ ಜನರಲ್, ಪಿಟಿಇ ಕೋರ್ ನಡೆಯುತ್ತವೆ. ಓದಲು ಹೋಗುವವರು ಬರೆಯುವ ಐಇಎಲ್‌ಟಿಎಸ್ ಅಕಾಡೆಮಿಕ್ ಇಲ್ಲಿ ನಡೆಯುವುದಿಲ್ಲ. ಕೆನಡಾ ಈ ಅಂಕಗಳನ್ನು ಸಿಎಲ್‌ಬಿ ಅನ್ನುವ ತನ್ನದೇ ಮಟ್ಟಕ್ಕೆ ಬದಲಿಸಿಕೊಳ್ಳುತ್ತದೆ. ಕನಿಷ್ಠ ಬೇಕಾದ್ದು ಮಟ್ಟ 7, ಅಂದರೆ ಐಇಎಲ್‌ಟಿಎಸ್‌ನ ನಾಲ್ಕೂ ವಿಭಾಗದಲ್ಲಿ 6. ಆದರೆ ನಿಜವಾದ ಏರಿಕೆ ಮಟ್ಟ 9ರಲ್ಲಿದೆ. ಅದಕ್ಕೆ ಕೇಳುವುದರಲ್ಲಿ 8, ಉಳಿದ ಮೂರರಲ್ಲಿ ತಲಾ 7 ಬೇಕು. ಬಿಇ ಓದಿ ಮೂರು ವರ್ಷ ಮೇಲ್ಪಟ್ಟು ಇಲ್ಲೇ ಕೆಲಸ ಮಾಡಿದ ಒಂಟಿ ಅರ್ಜಿದಾರರು ನಾಲ್ಕೂ ವಿಭಾಗದಲ್ಲಿ ಮಟ್ಟ 8ರಿಂದ 9ಕ್ಕೆ ಏರಿದರೆ ಒಟ್ಟು 69 ಅಂಕ ಜಾಸ್ತಿ ಆಗುತ್ತದೆ. ಯಾಕೆಂದರೆ ಮಟ್ಟ 9 ಮುಟ್ಟಿದಾಗ ಭಾಷೆಯ ಅಂಕದ ಜೊತೆ ಓದು ಮತ್ತು ಅನುಭವದ ಹೆಚ್ಚುವರಿ ಅಂಕವೂ ಏರುತ್ತದೆ. ಅರ್ಧ ಬ್ಯಾಂಡ್ ಕಮ್ಮಿ ಬಂದವರು ಇನ್ನೊಮ್ಮೆ ಪರೀಕ್ಷೆ ಬರೆಯುವುದು ಸುಮ್ನೆ ಹಟಕ್ಕಲ್ಲ. ಫಲಿತಾಂಶ ಎರಡು ವರ್ಷ ಮಾತ್ರ ನಡೆಯುತ್ತದೆ, ಅರ್ಜಿ ಸಲ್ಲಿಸುವ ದಿನವೂ ಅದು ಚಾಲ್ತಿಯಲ್ಲಿರಬೇಕು.

ಅನುಭವ ಪತ್ರ: ಇಲ್ಲಿ ಆತುರ ಬೇಡ

ಕೆನಡಾ ಪ್ರತಿ ಕೆಲಸಕ್ಕೂ ಐದು ಅಂಕಿಯ ಒಂದು ಎನ್‌ಒಸಿ (ಉದ್ಯೋಗಗಳ ವರ್ಗೀಕರಣ) ಕೋಡ್ ಇಟ್ಟಿದೆ. ಪ್ರತಿ ಕೋಡ್‌ನ ಕೆಳಗೆ ಆ ಕೆಲಸದವರು ಏನೇನು ಮಾಡುತ್ತಾರೆ ಅನ್ನುವ ಪಟ್ಟಿ ಇದೆ. ನಿಮ್ಮ ಕೋಡ್ ಯಾವುದು ಅಂತ ತೀರ್ಮಾನವಾಗುವುದು ಹುದ್ದೆಯ ಹೆಸರಿನಿಂದ ಅಲ್ಲ, ದಿನಾ ಮಾಡುವ ಕೆಲಸದಿಂದ. ಐಡಿ ಕಾರ್ಡ್‌ನಲ್ಲಿ ‘ಸಾಫ್ಟ್‌ವೇರ್ ಎಂಜಿನಿಯರ್’ ಅಂತ ಇದೆ, ಆದರೆ ಬೆಳಗಿನಿಂದ ಸಂಜೆಯವರೆಗೆ ಬೇರೆಯವರು ಬರೆದ ಪ್ರೋಗ್ರಾಂ ಟೆಸ್ಟ್ ಮಾಡುತ್ತೀರಿ ಅಂದುಕೊಳ್ಳಿ. ಆಗ ಸಾಫ್ಟ್‌ವೇರ್ ಎಂಜಿನಿಯರ್‌ಗಳ 21231 ನಿಮ್ಮದಲ್ಲದೆ ಇರಬಹುದು, ಟೆಸ್ಟಿಂಗ್‌ನವರ 22222 ಆಗಬಹುದು. ಎರಡಕ್ಕೂ ಅರ್ಹತೆ ಇದೆ. ತಪ್ಪು ಕೋಡ್ ಹಾಕಿದರೆ ಮಾತ್ರ ತೊಂದರೆ. ಪತ್ರದಲ್ಲಿ ಒಂದು ಕೆಲಸ, ಅರ್ಜಿಯಲ್ಲಿ ಇನ್ನೊಂದು ಅಂತ ಕಂಡರೆ ಆ ಅನುಭವವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಇರಬಹುದು.

ಇನ್ನು ಪತ್ರ. ನಮ್ಮ ಕಂಪನಿಗಳು ಕೊಡುವ ರಿಲೀವಿಂಗ್ ಲೆಟರ್ ಹೇಗಿರುತ್ತದೆ ಅಂತ ಗೊತ್ತಲ್ವಾ? ಇಂಥ ದಿನ ಸೇರಿದರು, ಇಂಥ ದಿನ ಬಿಟ್ಟರು, ನಡತೆ ಒಳ್ಳೆಯದು, ಮುಂದಿನ ಬದುಕಿಗೆ ಶುಭವಾಗಲಿ. ಇದು ಕೆನಡಾಕ್ಕೆ ಸಾಲುವುದಿಲ್ಲ. ಅವರು ಕೇಳುವ ಪತ್ರ ಕಂಪನಿಯ ಲೆಟರ್‌ಹೆಡ್‌ನಲ್ಲಿ ಇರಬೇಕು. ಅದರಲ್ಲಿ ಹುದ್ದೆ, ಕೆಲಸ ಮಾಡಿದ ಅವಧಿ, ವಾರಕ್ಕೆ ಎಷ್ಟು ಗಂಟೆ, ವರ್ಷದ ಸಂಬಳ ಮತ್ತು ಸವಲತ್ತು, ಮಾಡಿದ ಮುಖ್ಯ ಕೆಲಸಗಳು ಇರಬೇಕು. ಸಹಿ ಮಾಡಿದವರ ಹೆಸರು, ಹುದ್ದೆ, ಫೋನ್, ಇಮೇಲ್ ಇರಬೇಕು. ಹುದ್ದೆ ಬದಲಾಗಿದ್ದರೆ ಒಂದೊಂದು ಹುದ್ದೆಗೂ ತಾರೀಕು ಮತ್ತು ಕೆಲಸ ಬೇರೆ ಬೇರೆ ಬರೆಸಿ. ವಾರದ ಗಂಟೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಪೂರ್ಣಾವಧಿ ಅನ್ನಿಸಿಕೊಳ್ಳಲು 30 ಗಂಟೆ ಬೇಕು. ಹಾಗಾಗಿ ಆ ಅಂಕಿ ಕಣ್ಣಿಗೆ ಕಾಣಲೇಬೇಕು.

ಕೆಲಸಗಳ ಪಟ್ಟಿಯನ್ನು ಎನ್‌ಒಸಿ ಪುಟದಿಂದ ಪದಕ್ಕೆ ಪದ ಎತ್ತಿ ಹಾಕಬೇಡಿ. ಅಧಿಕಾರಿಗಳು ಆ ಪುಟವನ್ನು ದಿನಾ ನೋಡುತ್ತಾರೆ, ನಕಲು ತಕ್ಷಣ ಗೊತ್ತಾಗುತ್ತದೆ. ನೀವು ಯಾವ ಸಾಫ್ಟ್‌ವೇರ್ ಬಳಸಿದಿರಿ, ಯಾರಿಗಾಗಿ ಏನು ಮಾಡಿದಿರಿ ಅಂತ ನಿಮ್ಮ ಮಾತಿನಲ್ಲೇ ಒಂದು ಕರಡು ಬರೆದು ಎಚ್‌ಆರ್‌ಗೆ ಕೊಡಿ. ಖಾಲಿ ಕೈಯಲ್ಲಿ ಹೋಗಿ ‘ಒಂದು ಲೆಟರ್ ಕೊಡಿ ಸಾರ್’ ಅಂದರೆ ಬರುವುದು ಅದೇ ಹಳೇ ನಮೂನೆ.

ದೊಡ್ಡ ಕಂಪನಿಗಳಲ್ಲಿ ‘ಕೆಲಸದ ವಿವರ ಬರೆದುಕೊಡುವುದು ನಮ್ಮ ಪಾಲಿಸಿಯಲ್ಲಿ ಇಲ್ಲ’ ಅನ್ನುವ ಉತ್ತರ ಬರುವುದುಂಟು. ಸಣ್ಣ ಕಂಪನಿ ಬಾಗಿಲು ಹಾಕಿರಬಹುದು. ಆಗಲೂ ದಾರಿ ಇದೆ. ಕಂಪನಿ ಕೊಟ್ಟಷ್ಟು ಪತ್ರ ತೆಗೆದುಕೊಳ್ಳಿ. ಕೆಲಸದ ವಿವರವನ್ನು ಅಲ್ಲಿದ್ದ ಮೇಲಧಿಕಾರಿಯಿಂದ ಸಹಿ ಮಾಡಿದ ಪತ್ರ ಅಥವಾ ಅಫಿಡವಿಟ್ ಆಗಿ ಪಡೆಯಿರಿ. ಅವರೂ ಅದೇ ಕಂಪನಿಯಲ್ಲಿದ್ದರು ಅನ್ನುವುದಕ್ಕೆ ಒಂದು ಪುರಾವೆ ಇಡಿ. ಅಪಾಯಿಂಟ್‌ಮೆಂಟ್ ಲೆಟರ್, ಸ್ಯಾಲರಿ ಸ್ಲಿಪ್, ಫಾರಂ 16, ಪಿಎಫ್ ಪಾಸ್‌ಬುಕ್ ಸೇರಿಸಿ. ಕಂಪನಿ ಪತ್ರ ಯಾಕೆ ಸಿಗಲಿಲ್ಲ ಅಂತ ವಿವರಣೆ ಬರೆಯಿರಿ, ನೀವು ಕೇಳಿ ಅವರು ಇಲ್ಲ ಅಂದ ಇಮೇಲ್ ಇದ್ದರೆ ಅದನ್ನೂ ಲಗತ್ತಿಸಿ. ಒಪ್ಪುವುದು ಬಿಡುವುದು ಅಧಿಕಾರಿಗೆ ಬಿಟ್ಟದ್ದು, ಆದರೆ ಏನೂ ಇಡದೆ ಇರುವುದಕ್ಕಿಂತ ಇದು ಎಷ್ಟೋ ವಾಸಿ.

ದುಡ್ಡು ಎಷ್ಟು, ಎಲ್ಲಿಂದ ಬಂತು

ಹೊಸ ದೇಶದಲ್ಲಿ ಇಳಿದ ಮೇಲೆ ಕೆಲಸ ಸಿಗುವವರೆಗೆ ಸಂಸಾರ ನಡೆಸುವಷ್ಟು ಹಣ ಇದೆ ಅಂತ ತೋರಿಸಬೇಕು. ಮೊತ್ತ ಪ್ರತಿ ವರ್ಷ ಬದಲಾಗುತ್ತದೆ. 2025ರ ಜುಲೈನಲ್ಲಿ ಬಂದ ಪಟ್ಟಿಯಲ್ಲಿ ಒಬ್ಬರಿಗೆ 15,263 ಕೆನಡಾ ಡಾಲರ್, ನಾಲ್ಕು ಜನರ ಕುಟುಂಬಕ್ಕೆ 28,362. ಹೆಂಡತಿ, ಮಕ್ಕಳು ಸದ್ಯಕ್ಕೆ ಜೊತೆಗೆ ಬರುವುದಿಲ್ಲ ಅಂದರೂ ಅವರನ್ನು ಎಣಿಸಲೇಬೇಕು.

ಇಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟ್ ಒಂದೇ ಸಾಲದು. ಬ್ಯಾಂಕಿನ ಲೆಟರ್‌ಹೆಡ್‌ನಲ್ಲಿ ಪತ್ರ ಬೇಕು. ಖಾತೆ ನಂಬರ್, ಖಾತೆ ತೆರೆದ ದಿನ, ಇವತ್ತಿನ ಬ್ಯಾಲೆನ್ಸ್, ಹಿಂದಿನ ಆರು ತಿಂಗಳ ಸರಾಸರಿ ಬ್ಯಾಲೆನ್ಸ್, ಬಾಕಿ ಇರುವ ಸಾಲ ಇಷ್ಟೂ ಅದರಲ್ಲಿ ಇರಬೇಕು. ಶಾಖೆಯ ಮ್ಯಾನೇಜರ್ ಸಾಮಾನ್ಯವಾಗಿ ಕೊಡುವ ಬ್ಯಾಲೆನ್ಸ್ ಸರ್ಟಿಫಿಕೇಟ್‌ನಲ್ಲಿ ಆರು ತಿಂಗಳ ಸರಾಸರಿ ಇರುವುದಿಲ್ಲ. ಬೇಕಾದ ಅಂಶಗಳನ್ನು ಬರೆದುಕೊಂಡು ಹೋಗಿ ತೋರಿಸಿ.

ಸೈಟು, ತೋಟ, ಮನೆ ಲೆಕ್ಕಕ್ಕೆ ಬರುವುದಿಲ್ಲ. ಪಹಣಿಯಲ್ಲಿ ಎಷ್ಟೇ ಎಕರೆ ಇರಲಿ, ಅದನ್ನು ಮಾರಿ ಬಂದ ಹಣ ಖಾತೆಯಲ್ಲಿದ್ದರೆ ಮಾತ್ರ ಎಣಿಕೆ. ಸಾಲ ತಂದು ತೋರಿಸುವ ಹಾಗೂ ಇಲ್ಲ. ಅಪ್ಪ ಅಮ್ಮ ಕೊಟ್ಟ ದುಡ್ಡಾದರೆ ‘ಇದು ಉಡುಗೊರೆ, ವಾಪಸ್ ಬೇಕಿಲ್ಲ’ ಅಂತ ಗಿಫ್ಟ್ ಡೀಡ್ ಮಾಡಿಸಿ. ಅವರ ಖಾತೆಯಿಂದ ನಿಮ್ಮ ಖಾತೆಗೆ ಬಂದ ದಾಖಲೆ ಇಡಿ. ಸೈಟು ಮಾರಿ ಕೊಟ್ಟಿದ್ದರೆ ಕ್ರಯಪತ್ರದ ಪ್ರತಿಯನ್ನೂ ಸೇರಿಸಿ. ಅರ್ಜಿಗೆ ವಾರದ ಹಿಂದೆ ಬಿದ್ದ ದೊಡ್ಡ ಮೊತ್ತಕ್ಕೆ ಹಿನ್ನೆಲೆ ಕಾಣದಿದ್ದರೆ ಅನುಮಾನ ಬರುವುದು ಸಹಜ.

ಪೊಲೀಸ್, ಮೆಡಿಕಲ್, ಹತ್ತು ವರ್ಷದ ಲೆಕ್ಕ

ಭಾರತದ ಪೊಲೀಸ್ ಕ್ಲಿಯರೆನ್ಸ್‌ಗೆ ಪಾಸ್‌ಪೋರ್ಟ್ ಸೇವಾ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಸೇವಾ ಕೇಂದ್ರಕ್ಕೆ ಹೋಗಿ ಬರಬೇಕು. ಈಗಿನ ವಿಳಾಸ ಪಾಸ್‌ಪೋರ್ಟ್‌ನಲ್ಲಿ ಇಲ್ಲದಿದ್ದರೆ ಠಾಣೆಯವರು ವಿಚಾರಿಸಲು ಬರಬಹುದು. ಕಳೆದ ಹತ್ತು ವರ್ಷದಲ್ಲಿ ಬೇರೆ ಯಾವುದೇ ದೇಶದಲ್ಲಿ ಸತತ ಆರು ತಿಂಗಳು ಅಥವಾ ಜಾಸ್ತಿ ಇದ್ದರೆ ಅಲ್ಲಿನದೂ ಬೇಕು. ಮಂಗಳೂರು, ಉಡುಪಿ ಕಡೆ ಗಲ್ಫ್‌ನಲ್ಲಿ ದುಡಿದು ಬಂದವರು, ಅಮೆರಿಕಕ್ಕೆ ಆನ್‌ಸೈಟ್ ಹೋಗಿದ್ದವರು ಇದನ್ನು ಮೊದಲೇ ಶುರು ಮಾಡಿಕೊಳ್ಳಿ. ಅಮೆರಿಕದ್ದಕ್ಕೆ ಬೆರಳಚ್ಚು ಕೊಟ್ಟು ಎಫ್‌ಬಿಐನಿಂದ ತರಿಸಬೇಕು. ಆ ದೇಶ ಬಿಟ್ಟ ಮೇಲೆ ತೆಗೆಸಿದ ಪತ್ರ, ಮತ್ತೆ ಅಲ್ಲಿ ಹೋಗಿ ನೆಲೆಸದಿದ್ದರೆ, ಹಳತಾಗುವುದಿಲ್ಲ. ಈಗ ಇರುವ ದೇಶದ್ದು ಮಾತ್ರ ಅರ್ಜಿಗೆ ಆರು ತಿಂಗಳ ಒಳಗಿನದಾಗಿರಬೇಕು.

ಮೆಡಿಕಲ್ ಬಗ್ಗೆ ಹಳೇ ಸಲಹೆ ನಂಬಬೇಡಿ. ಮೊದಲು ಅರ್ಜಿ ಹಾಕಿದ ಮೇಲೆ ಇಲಾಖೆ ಹೇಳಿದಾಗ ಮಾಡಿಸುತ್ತಿದ್ದರು. 2025ರ ಆಗಸ್ಟ್ 21ರಿಂದ ಅರ್ಜಿಯ ಜೊತೆಗೇ ಮಾಡಿಸಿಟ್ಟಿರಬೇಕು. ಅದೂ ಇಲಾಖೆ ಒಪ್ಪಿದ ಡಾಕ್ಟರ್ ಹತ್ತಿರವೇ. ಪಟ್ಟಿ ವೆಬ್‌ಸೈಟ್‌ನಲ್ಲಿದೆ.

ಇನ್ನು ಹತ್ತು ವರ್ಷದ ಇತಿಹಾಸ. ಎಲ್ಲಿದ್ದಿರಿ, ಏನು ಮಾಡುತ್ತಿದ್ದಿರಿ ಅಂತ ಒಂದು ತಿಂಗಳೂ ಬಿಡದೆ ಬರೆಯಬೇಕು. ಕೆಲಸ ಬಿಟ್ಟು ಕೆಎಎಸ್‌ಗೆ ಓದುತ್ತಾ ಊರಲ್ಲಿ ಕೂತಿದ್ದರೆ ಅದನ್ನೇ ಬರೆಯಿರಿ. ಕೆಲಸ ಇಲ್ಲದೆ ಇದ್ದದ್ದು ತಪ್ಪಲ್ಲ, ಖಾಲಿ ಬಿಡುವುದು ತಪ್ಪು. ಯಾವುದೇ ದೇಶ ಹಿಂದೆ ವೀಸಾ ನಿರಾಕರಿಸಿದ್ದರೆ ಅದನ್ನೂ ಹೇಳಬೇಕು. ಮುಚ್ಚಿಟ್ಟದ್ದು ಗೊತ್ತಾದರೆ ಸುಳ್ಳು ಮಾಹಿತಿ ಕೊಟ್ಟ ಆರೋಪದಲ್ಲಿ ಐದು ವರ್ಷ ಕೆನಡಾಕ್ಕೆ ಹೋಗುವ ಹಾಗಿಲ್ಲ.

ಕನ್ನಡದಲ್ಲಿ ಮಾತ್ರ ಇರುವ ಕಾಗದಕ್ಕೆ ಇಂಗ್ಲಿಷ್ ಅನುವಾದ, ಅನುವಾದಕರ ಅಫಿಡವಿಟ್ ಎರಡೂ ಬೇಕು. ಮನೆಯವರು ಅನುವಾದ ಮಾಡಿದರೆ ನಡೆಯುವುದಿಲ್ಲ.

ಹಾಗಾದರೆ ಏಜೆಂಟ್ ಯಾವಾಗ ಬೇಕು?

ಹಿಂದೆ ಕೆನಡಾ ಅರ್ಜಿ ತಿರಸ್ಕೃತವಾಗಿದ್ದರೆ, ಪೊಲೀಸ್ ಕೇಸ್ ಇದ್ದರೆ, ವಿಚ್ಛೇದನದ ನಂತರ ಮಗುವಿನ ಪಾಲನೆ ತಕರಾರಿನಲ್ಲಿದ್ದರೆ ತಿಳಿದವರ ಸಲಹೆಗೆ ದುಡ್ಡು ಕೊಡುವುದು ದಂಡವಲ್ಲ. ಆದರೆ ದುಡ್ಡು ತೆಗೆದುಕೊಂಡು ನಿಮ್ಮ ಪರವಾಗಿ ವ್ಯವಹರಿಸುವ ಹಕ್ಕು ಎಲ್ಲರಿಗೂ ಇಲ್ಲ. ಕೆನಡಾದ ವಕೀಲರು, ಕ್ವಿಬೆಕ್‌ನ ನೋಟರಿಗಳು, ಅಲ್ಲಿನ ವಲಸೆ ಸಲಹೆಗಾರರನ್ನು ನಿಯಂತ್ರಿಸುವ ‘ಕಾಲೇಜ್’ ಅನ್ನುವ ಸಂಸ್ಥೆಯಲ್ಲಿ ನೋಂದಾಯಿಸಿದ ಸಲಹೆಗಾರರಾದ ಆರ್‌ಸಿಐಸಿಗಳಂಥವರಿಗೆ ಮಾತ್ರ. ಆ ಕಾಲೇಜಿನ ವೆಬ್‌ಸೈಟ್‌ನಲ್ಲಿ ಸಲಹೆಗಾರರ ಹೆಸರು ಹುಡುಕಿ ನೋಡಬಹುದು. ಅಂಥವರನ್ನು ಇಟ್ಟುಕೊಂಡರೆ ಪ್ರತಿನಿಧಿ ಫಾರಂನಲ್ಲಿ ಅವರ ಹೆಸರು ಇರಲೇಬೇಕು. ‘ನಮ್ಮ ಹೆಸರು ಹಾಕುವುದು ಬೇಡ, ನೀವೇ ಹಾಕಿದಂತೆ ಇರಲಿ’ ಅನ್ನುವವರಿಂದ ದೂರ ಇರಿ.

ಕೆಲವು ಕಡೆ ಅರ್ಜಿಯ ಆನ್‌ಲೈನ್ ಖಾತೆಯನ್ನು ಏಜೆಂಟ್ ತನ್ನ ಇಮೇಲ್‌ನಲ್ಲಿ ತೆರೆಯುತ್ತಾನೆ. ಇಲಾಖೆ ಏನು ಕೇಳಿತು, ಇವನು ಏನು ಉತ್ತರ ಕೊಟ್ಟ ಅಂತ ನಿಮಗೆ ಗೊತ್ತೇ ಆಗುವುದಿಲ್ಲ. ಅವನು ಹಾಕಿದ ಸುಳ್ಳು ದಾಖಲೆಗೂ ಹೊಣೆ ನೀವೇ. ಐದು ವರ್ಷದ ನಿಷೇಧ ಬೀಳುವುದು ನಿಮ್ಮ ಹೆಸರಿನ ಮೇಲೆ.

ಸರ್ಕಾರಕ್ಕೆ ಕಟ್ಟುವ ಹಣ ಎಷ್ಟು ಅಂತಲೂ ತಿಳಿದಿರಲಿ. ಪ್ರೊಫೈಲ್ ಹಾಕುವುದು ಉಚಿತ. 2024ರ ಏಪ್ರಿಲ್ 30ರಿಂದ ಬಂದ ದರದಲ್ಲಿ ಒಬ್ಬ ವಯಸ್ಕರಿಗೆ ಅರ್ಜಿ ಶುಲ್ಕ 950 ಕೆನಡಾ ಡಾಲರ್, ಕಾಯಂ ನಿವಾಸದ ಹಕ್ಕಿನ ಶುಲ್ಕ 575 ಡಾಲರ್, ಬೆರಳಚ್ಚು ಮತ್ತು ಫೋಟೊಗೆ 85 ಡಾಲರ್ ಇತ್ತು. ದರವನ್ನು ಎರಡು ವರ್ಷಕ್ಕೊಮ್ಮೆ ಏರಿಸುತ್ತಾರೆ, ಕಟ್ಟುವ ದಿನ ನೋಡಿಕೊಳ್ಳಿ.

ಸಲ್ಲಿಸಿದ ಮೇಲೆ

ಸಲ್ಲಿಸುವಾಗ ಒಂದು ಮಾತು: ವೆಬ್‌ಸೈಟ್‌ನಲ್ಲಿ ಕಾಗದ ಹಾಕುವ ಒಂದೊಂದು ಜಾಗಕ್ಕೆ ಒಂದೇ ಕಡತ ಹಾಕಲು ಸಾಧ್ಯ. ಆದ್ದರಿಂದ ಒಂದು ಕಂಪನಿಯ ಪತ್ರ, ಸ್ಲಿಪ್, ಫಾರಂ 16 ಎಲ್ಲವನ್ನೂ ಒಂದು ಪಿಡಿಎಫ್ ಮಾಡಿ. ಸೈಜ್ ಮಿತಿ ಇದೆ, ಹಾಗಂತ ಅಕ್ಷರ ಓದಲಾಗದಷ್ಟು ಕುಗ್ಗಿಸಬೇಡಿ. ಒಂದು ಕಡ್ಡಾಯ ಕಾಗದ ಬಿಟ್ಟುಹೋದರೂ ಅರ್ಜಿ ಅಪೂರ್ಣ ಅಂತ ವಾಪಸ್ ಬರಬಹುದು. ಅಷ್ಟರಲ್ಲಿ 60 ದಿನ ಮುಗಿದಿದ್ದರೆ ಕರೆಯೂ ಕೈತಪ್ಪುತ್ತದೆ, ಮತ್ತೆ ಸಾಲಿನಲ್ಲಿ ನಿಲ್ಲಬೇಕು.

ಐಆರ್‌ಸಿಸಿ ಆರು ತಿಂಗಳಲ್ಲಿ ಮುಗಿಸುವ ಗುರಿ ಇಟ್ಟುಕೊಂಡಿದೆ, ಕೆಲವು ಅರ್ಜಿಗೆ ಜಾಸ್ತಿ ಹಿಡಿಯುತ್ತದೆ. ಈ ನಡುವೆ ಮದುವೆಯಾದರೆ, ಮಗು ಹುಟ್ಟಿದರೆ, ಕೆಲಸ ಅಥವಾ ವಿಳಾಸ ಬದಲಾದರೆ ವೆಬ್‌ಫಾರಂ ಮೂಲಕ ತಿಳಿಸಬೇಕು. ಎಲ್ಲ ಸರಿ ಇದ್ದರೆ ಪಾಸ್‌ಪೋರ್ಟ್ ಕೇಳುತ್ತಾರೆ, ಆಮೇಲೆ ಸಿಒಪಿಆರ್ ಅನ್ನುವ ದೃಢೀಕರಣ ಪತ್ರ ಬರುತ್ತದೆ. ಅದರಲ್ಲಿ ಇಂಥ ದಿನದೊಳಗೆ ಕೆನಡಾಕ್ಕೆ ಬಂದಿಳಿಯಬೇಕು ಅಂತ ಇರುತ್ತದೆ. ಆ ದಿನ ಸಾಮಾನ್ಯವಾಗಿ ನಿಮ್ಮ ಮೆಡಿಕಲ್ ಅಥವಾ ಪಾಸ್‌ಪೋರ್ಟ್, ಯಾವುದು ಮೊದಲು ಮುಗಿಯುತ್ತದೋ ಅದರ ಮೇಲೆ ನಿಂತಿರುತ್ತದೆ. ಪಾಸ್‌ಪೋರ್ಟ್‌ನಲ್ಲಿ ಇನ್ನು ಒಂದೇ ವರ್ಷ ಉಳಿದಿದ್ದರೆ ಐಇಎಲ್‌ಟಿಎಸ್‌ಗೆ ಹೆಸರು ನೋಂದಾಯಿಸುವ ಮೊದಲೇ ಅದನ್ನು ನವೀಕರಿಸಿಕೊಳ್ಳಿ.